ಬಲಗಣ್ಣಿಗೊಂದು ಇಂಜಿನ್

೧೯೭೯ ನವೆಂಬರ್ ೪, ಭಾನುವಾರ

ಮಾಲೂರಿನಿಂದ ಇಟ್ಟಿಗೆ ಲಾರಿಯ ಮೇಲೆ ಕಾರು ಬಂತು. ನಮ್ಮ ಯಜಮಾನರು ಅದನ್ನು ಕಾರು ಅನ್ನುತ್ತಾರೆ, ಅದಕ್ಕೇ ನಾನೂ ಹಾಗೇ ಬರೆಯುತ್ತಿದ್ದೇನೆ. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಮೂತಿ ಮಾತ್ರ ಮಾರುದ್ದ. ಆ ಮೂತಿಯೊಳಗೆ ಇಂಜಿನ್ ಇರಬೇಕಾದ ಜಾಗದಲ್ಲಿ ಯಾವುದೋ ಕೋಳಿ ಮೊಟ್ಟೆಯಿಟ್ಟಿತ್ತು. ನಾಲ್ಕು ಮೊಟ್ಟೆ. ಈ ವ್ಯಾಪಾರದಲ್ಲಿ ಸದ್ಯಕ್ಕೆ ನಮಗಾದ ಲಾಭ ಅಷ್ಟೇ.

ಈ ಕಾರಿನ ಪುರಾಣವನ್ನು ಮದುವೆಯಾದ ದಿನದಿಂದ ಕೇಳುತ್ತಿದ್ದೇನೆ. ಹುಡುಗನಾಗಿದ್ದಾಗ ಇವರು ಚಿನ್ನದ ಗಣಿಯ ಒಬ್ಬ ದೊರೆಯ ಬಂಗಲೆಯಲ್ಲಿ ಕಾರು ತೊಳೆಯುವ ಕೆಲಸಕ್ಕಿದ್ದರು. ಮೂರು ವರ್ಷ ತೊಳೆದರು, ಒರೆಸಿದರು, ಒಂದು ದಿನವೂ ಓಡಿಸಲು ಬಿಡಲಿಲ್ಲ. ಆಮೇಲೆ ಶ್ರೀನಿವಾಸಪುರದ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಜೀಪು ಓಡಿಸಿದರೂ ಆ ಆಸೆ ಹೋಗಲಿಲ್ಲ. ದೊರೆ ತನ್ನ ದೇಶಕ್ಕೆ ವಾಪಸು ಹೋದ, ಇಂಜಿನ್ ಯಾರ ಪಾಲಾಯಿತೋ, ಉಳಿದ ಮೈ ಕೈಯಿಂದ ಕೈಗೆ ಹೋಗಿ ಕೊನೆಗೆ ಇಟ್ಟಿಗೆ ಗೂಡಿನ ಶೆಡ್ಡು ಸೇರಿತ್ತು. ಹೋಗಿ ಪತ್ತೆ ಮಾಡಿ ತಂದಿದ್ದಾರೆ.

ಅದೂ ಯಾವಾಗ? ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ. ಹೋದ ವರ್ಷ ಮೈಲಿಗಲ್ಲನ್ನು ಮನುಷ್ಯ ಅಂದುಕೊಂಡು ಜೀಪು ನಿಲ್ಲಿಸಿ ಹಾರನ್ ಹೊಡೆದರು. ಕಲ್ಲು ಪಕ್ಕಕ್ಕೆ ಸರಿಯಲಿಲ್ಲ. ಅವತ್ತೇ ಕಚೇರಿಗೆ ಹೋಗಿ ಕೀಲಿಕೈ ಕೊಟ್ಟು ಬಂದರು. ಬಲಗಣ್ಣಿನ ಪೊರೆ ಪೂರ್ತಿ ಬಲಿತಿದೆ, ಫೆಬ್ರವರಿ ದಾಟಿಸಬೇಡಿ, ಒಳಗೆ ಒತ್ತಡ ಏರಿ ನರವೇ ಹೋದರೆ ಆಮೇಲೆ ಯಾರಿಂದಲೂ ಏನೂ ಆಗುವುದಿಲ್ಲ ಎಂದು ಕೋಲಾರದ ಕಣ್ಣಿನ ಡಾಕ್ಟರು ಹೇಳಿದ್ದಾರೆ. ಆಪರೇಷನ್ ಎಂಬ ಮಾತೆತ್ತಿದರೆ ಇವರು ಚೊಂಬು ಹಿಡಿದು ಹೊಲದ ಕಡೆ ಹೊರಟುಬಿಡುತ್ತಾರೆ.

ಇವತ್ತು ಅವರಾಗಿಯೇ ಬಾಯಿಬಿಟ್ಟರು. "ಲೇ ಆದೀ, ಇದಕ್ಕೊಂದು ಇಂಜಿನ್ ಕೂರಿಸ್ತೀನಿ. ಒಂದು ಸಲ, ಒಂದೇ ಸಲ ನಾನೇ ಓಡಿಸ್ತೀನಿ. ಮಾರನೇ ದಿನ ನೀನು ಯಾವ ಆಸ್ಪತ್ರೆಗೆ ಕರೆದ್ರೂ ಬರ್ತೀನಿ."

"ಮಾತು ತಪ್ಪಬಾರದು," ಅಂದೆ.

"ಕೋದಂಡರಾಮಪ್ಪ ಯಾವತ್ತು ಮಾತು ತಪ್ಪಿದಾನೆ?" ಅಂದರು. ತಪ್ಪಿದ್ದರ ಪಟ್ಟಿಯನ್ನೇ ಕೊಡಬಹುದಿತ್ತು. ನಾಲ್ಕು ತಿಂಗಳಿದೆ. ಅಷ್ಟರಲ್ಲಿ ಒಂದು ಇಂಜಿನ್ ಸಿಕ್ಕದೆ ಹೋಗುತ್ತದೆಯೇ? ಇಂಜಿನ್ ವಿಚಾರ ನನಗೇನು ಗೊತ್ತು, ಅದು ಅವರ ಪಾಡು.

ನವೆಂಬರ್ ೧೧, ಭಾನುವಾರ

ಮುಳಬಾಗಿಲಿನಲ್ಲಿ ಬಸ್ಸಿನ ಬೋರ್ಡು ಓದಲು ಇವರಿಗೆ ನಾನು ಬೇಕು. ಹಾಗಾಗಿ ಇಂಜಿನ್ ನೋಡಲು ನಾನೂ ಕೋಲಾರಕ್ಕೆ ಹೋದೆ. ಇದಕ್ಕೂ ಹೆಣ್ಣು ನೋಡುವ ಶಾಸ್ತ್ರಕ್ಕೂ ಏನೇನೂ ವ್ಯತ್ಯಾಸವಿಲ್ಲ. ಗ್ಯಾರೇಜಿನವನು ಬೆಂಚು ಹಾಕಿ ಕೂರಿಸಿದ, ಕಾಫಿ ತರಿಸಿದ, ಒಳ್ಳೆಯ ಮನೆತನದ ಇಂಜಿನ್, ಒಬ್ಬರೇ ಡಾಕ್ಟರು ಓಡಿಸಿದ್ದು ಎಂದು ಹೊಗಳಿದ. ಆಮೇಲೆ ಸ್ಟಾರ್ಟ್ ಮಾಡಿದ.

ಇವರು ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತರು. ಸ್ವಲ್ಪ ಹೊತ್ತಾದ ಮೇಲೆ, "ಮೂರನೇ ಸಿಲಿಂಡರಿಗೆ ಕೆಮ್ಮು," ಅಂದರು.

ಗ್ಯಾರೇಜಿನವನ ಮುಖ ಸಪ್ಪಗಾಯಿತು. ಬಿಚ್ಚಿ ನೋಡಿದರೆ ನಿಜವಾಗಿಯೂ ಮೂರನೆಯದರಲ್ಲೇ ದೋಷ. ಬಸ್ಸಿನಲ್ಲಿ ಬರುವಾಗ ಗಂಡನ ಮೇಲೆ ನನಗೆ ಸ್ವಲ್ಪ ಹೆಮ್ಮೆ ಬಂದಿದ್ದು ನಿಜ. ಇಳಿಯುವಾಗ ಮೆಟ್ಟಿಲು ಕಾಣದೆ ನನ್ನ ಮೇಲೇ ಬಿದ್ದರು.

ನವೆಂಬರ್ ೨೫, ಭಾನುವಾರ

ಮಾಲೂರು. ಇಟ್ಟಿಗೆ ಗೂಡಿನ ಮಾಲೀಕ ಹಳೇ ಲಾರಿಯ ಇಂಜಿನ್ ತೋರಿಸಿದ. ಅದರ ಗಾತ್ರ ನೋಡಿದರೆ ಕಾರನ್ನೇ ಅದರೊಳಗೆ ಇಡಬಹುದಿತ್ತು. ಇವರು ಮಾತ್ರ ಗೇಣು ಹಾಕಿ ಹಾಕಿ ಅಳೆದು ಅರ್ಧ ದಿನ ಯೋಚನೆ ಮಾಡಿದರು. ಬೇಡ ಅನ್ನಲು ಅರ್ಧ ದಿನ ಬೇಕೇ? ಕೈಗೆ, ಬಟ್ಟೆಗೆಲ್ಲ ಇಟ್ಟಿಗೆ ಧೂಳು. ಹಾಳಾದದ್ದು ಒಗೆದರೂ ಹೋಗಲಿಲ್ಲ.

ನವೆಂಬರ್ ೨೬

ಇವತ್ತು ನಾನು ಅವರನ್ನು ಮಾತನಾಡಿಸಲಿಲ್ಲ. ಅದು ಅವರ ಗಮನಕ್ಕೆ ಬರಲಿಲ್ಲ.

ಡಿಸೆಂಬರ್ ೧೬, ಭಾನುವಾರ

ಇವತ್ತಿನದು ಬರೆಯಲೇಬೇಕು. ಶ್ರೀನಿವಾಸಪುರದಲ್ಲಿ ಒಬ್ಬ ಮಾವಿನ ವ್ಯಾಪಾರಿ ಹಳೇ ಕಾರಿಗೆಂದು ತೆಗೆದಿಟ್ಟ ಪೆಟ್ರೋಲ್ ಇಂಜಿನ್ ನೋಡಿದೆವು. ಚಿನ್ನದಂಥ ಇಂಜಿನ್. ಆಯಿಲ್ ಕಡ್ಡಿ ಎಳೆದು ನೋಡಿದೆ, ಜೇನುತುಪ್ಪದ ಬಣ್ಣ. ಹೊಗೆ ನೀಲಿಯಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆಯಿಲ್ಲ. ಬಿಸಿಯಾದ ಮೇಲೆ ಆರಿಸಿ ಮತ್ತೆ ಹಚ್ಚಿ ಎಂದೆ. ಒಂದೇ ಸಲಕ್ಕೆ ಹತ್ತಿತು. ವ್ಯಾಪಾರಿ ನನ್ನನ್ನೇ ನೋಡುತ್ತಿದ್ದ. ಯಾಕೆ ಹಾಗೆ ನೋಡಿದನೋ ತಿಳಿಯದು, ಯಾರಾದರೂ ಕೇಳುವ ಮಾತನ್ನೇ ನಾನು ಕೇಳಿದ್ದು.

ಇವರು ಕಿವಿಗೊಟ್ಟು ನಿಂತರು. ನಿಂತೇ ಇದ್ದರು. ಕೊನೆಗೆ, "ಸದ್ದು ತೀರಾ ನಯ. ಏನೋ ಮುಚ್ಚಿಡ್ತಾ ಇದೆ," ಅಂದರು.

ಮುಚ್ಚಿಡುತ್ತಿರುವುದು ಇಂಜಿನ್ ಅಲ್ಲ ಎಂದು ನನಗೆ ಆಗ ಹೊಳೆಯಿತು. ಈ ಮನುಷ್ಯನಿಗೆ ಇಂಜಿನ್ ಸಿಕ್ಕುವುದೇ ಬೇಡ. ಸಿಕ್ಕಿದರೆ ಓಡಿಸಬೇಕು, ಓಡಿಸಿದರೆ ಆಸ್ಪತ್ರೆಗೆ ಹೋಗಬೇಕು. ಹೀಗೇ ಊರೂರು ಸುತ್ತಿ, ಒಂದಕ್ಕೆ ಕೆಮ್ಮು, ಇನ್ನೊಂದಕ್ಕೆ ನಯ ಅಂದುಕೊಂಡು ಫೆಬ್ರವರಿ ದಾಟಿಸುವ ಹುನ್ನಾರ. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

೧೯೮೦ ಜನವರಿ ೫, ಶನಿವಾರ

ಕೋಲಾರದಲ್ಲಿ ಡಾಕ್ಟರಿಗೆ ತೋರಿಸಿದೆ. ತಲೆನೋವಿಗೆ ಮಾತ್ರೆ ಕೊಡಿಸುತ್ತೇನೆ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗಿದ್ದೆ. ಬಲಗಣ್ಣಿನ ಮುಂದೆ ದೀಪ ಹಿಡಿದರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದಷ್ಟೇ ಗೊತ್ತಾಗುತ್ತದೆ. ಎಡಗಣ್ಣು ಕೈಬೆರಳು ಎಣಿಸುವ ಮಟ್ಟಿಗೆ ಇದೆ. ಫೆಬ್ರವರಿ ಹದಿನೆಂಟಕ್ಕೆ ಅಡ್ಮಿಟ್ ಮಾಡಿ, ಹಾಸಿಗೆ ಬರೆದಿಡುತ್ತೇನೆ ಎಂದರು ಡಾಕ್ಟರು.

"ಇಂಜಿನ್ ಸಿಕ್ಕಿಲ್ಲ ಸಾರ್," ಎಂದರು ಇವರು. ಡಾಕ್ಟರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು.

ಜನವರಿ ೧೨, ಶನಿವಾರ

ಹಿಪ್ಪುನೇರಳೆಗೆ ನೀರು ಬಿಡಲು ಬೆಳಿಗ್ಗೆ ತೋಟಕ್ಕೆ ಹೋಗಿದ್ದೆ. ಕರೆಂಟು ಇರಲಿಲ್ಲ. ಬಾವಿಯ ಪಕ್ಕದ ಪಂಪಿನ ಮನೆಯಲ್ಲಿ ಮೂಲೆಗೆ ಗೋಣಿ ಹೊದ್ದು ಕೂತಿತ್ತು ನಮ್ಮ ಹಳೇ ಆಯಿಲ್ ಇಂಜಿನ್. ಕರೆಂಟು ಮೋಟಾರು ಬಂದು ನಾಲ್ಕು ವರ್ಷವಾಯಿತು, ಅದನ್ನು ಯಾರೂ ಮುಟ್ಟಿಲ್ಲ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಅದನ್ನು ತಿರುಗಿಸಿದವಳು ನಾನೇ. ಇವರು ಜೀಪಿನಲ್ಲಿ ಸಾಹೇಬರನ್ನು ಕೂರಿಸಿಕೊಂಡು ತಿರುಗುತ್ತಿದ್ದ ಕಾಲ ಅದು.

ಗೋಣಿ ತೆಗೆದೆ. ಒಳಗಿನ ಗಾಳಿ ಬಿಡುವ ಲಿವರ್ ಎತ್ತಿ, ಹ್ಯಾಂಡಲ್ ಹಾಕಿ ತಿರುಗಿಸಿದೆ. ಚಕ್ರ ತಿರುಗಿತು. ಲಿವರ್ ಬಿಟ್ಟಾಗ ಒಳಗೆ ಗಾಳಿ ತಡೆದು ನಿಂತಿದ್ದು ಕೈಗೆ ತಿಳಿಯಿತು. ಇನ್ನೂ ಜೀವವಿದೆ.

ನನ್ನ ಲೆಕ್ಕಾಚಾರ ಇಷ್ಟು. ಕಣ್ಣು ಕಾಣದ ಮನುಷ್ಯನಿಗೆ ಓಡುವ ಇಂಜಿನ್ ಯಾಕೆ ಬೇಕು? ಇದು ನೀರೆತ್ತುವ ಇಂಜಿನ್, ಎಷ್ಟೇ ಒದ್ದಾಡಿದರೂ ಸೈಕಲ್ಲಿಗಿಂತ ಜೋರಾಗಿ ಹೋಗಲಾರದು. ಇದರ ರೋಗವೂ ನನಗೆ ಗೊತ್ತು, ಔಷಧವೂ ಗೊತ್ತು. ಊರೆಲ್ಲ ಸುತ್ತಿದ ಮೇಲೆ ವರ ಸೋದರತ್ತೆಯ ಮನೆಯಲ್ಲೇ ಸಿಕ್ಕ ಹಾಗಾಯಿತು. ಇವರಿಗೆ ಹೇಳಲಿಲ್ಲ.

ಜನವರಿ ೨೪

ಕಾರನ್ನು ಟ್ರಾಕ್ಟರಿಗೆ ಕಟ್ಟಿ ನಂಗಲಿಗೆ ಕಳಿಸಿದೆ, ಇಂಜಿನ್ನನ್ನೂ ಅದರ ಹಿಂದೆಯೇ. ನಾನೂ ಜೊತೆಗೆ ಹೋದೆ. ಅಲ್ಲಿ ಹೆದ್ದಾರಿ ಪಕ್ಕದಲ್ಲಿ ದೊಡ್ಡಮುನಿಯಪ್ಪನ ಲಾರಿ ಗ್ಯಾರೇಜಿದೆ. ಇವರ ಹಳೇ ಸ್ನೇಹಿತ. ಕಾರನ್ನೂ ಇಂಜಿನ್ನನ್ನೂ ಒಂದು ಸುತ್ತು ಹಾಕಿ ನೋಡಿ ಬೀಡಿ ಹಚ್ಚಿದ.

"ಏಮಮ್ಮಾ, ಇದು ಕಾರಾ, ಬಾವಿಯಾ?"

"ನೀನು ಕೂರ್ಸು. ಅದು ಕಾರಾಗ್ತದೆ," ಅಂದೆ.

"ಕೋದಂಡನ್ಗೆ ಗೊತ್ತಾ?"

"ಗೊತ್ತಾಗೋ ಹೊತ್ಗೆ ಗೊತ್ತಾಗ್ತದೆ."

ಅವನು ನಗುತ್ತಾ ಒಪ್ಪಿದ. ಇಂಜಿನ್ನಿನ ಚಕ್ರ ಎಡಗಡೆ ಹೊರಗೆ ಬರಲಿ, ಬೆಲ್ಟು ಗೇರುಬಾಕ್ಸಿಗೆ ನೇರ ಕೂರಬೇಕು, ಒಂದು ಬೆರಳು ವಾರೆಯಾದರೂ ಜಾರುತ್ತದೆ, ಬುಡಕ್ಕೆ ಟೈರಿನ ರಬ್ಬರು ಹಾಕದಿದ್ದರೆ ಕೂತವರ ಹಲ್ಲು ಉದುರುತ್ತದೆ ಎಂದೆಲ್ಲ ಹೇಳಿ ಬಂದೆ. ಹೇಳಬೇಕಾದದ್ದನ್ನು ಹೇಳಿದೆ ಅಷ್ಟೇ. ಮಿಕ್ಕಿದ್ದು ಗಂಡಸರ ಕೆಲಸ, ನನಗೇನು ಗೊತ್ತು.

ಮನೆಯಲ್ಲಿ ಕಾರಿಲ್ಲದೆ ಇವರು ಕೈಕಾಲು ಕಳೆದುಕೊಂಡವರಂತೆ ಇದ್ದಾರೆ. ಮುನಿಯಪ್ಪ ಒಳ್ಳೇ ಇಂಜಿನ್ ಕೂರಿಸುತ್ತಿದ್ದಾನೆ ಎಂದಷ್ಟೇ ಹೇಳಿದ್ದೇನೆ. ಯಾವ ಇಂಜಿನ್ ಎಂದು ಮೂರು ಸಲ ಕೇಳಿದರು. ನಾನು ಮೂರು ಸಲವೂ ಸಾರಿಗೆ ಹುಣಸೆಹಣ್ಣು ಕಿವುಚಲು ಹೋದೆ.

ಫೆಬ್ರವರಿ ೨, ಶನಿವಾರ

ಇಂಜಿನ್ ಕೂತಿತು, ಕುಡಿಯಲು ಏನೂ ಇಲ್ಲ. ಡೀಸೆಲ್ ಎಲ್ಲೂ ಸಿಗುತ್ತಿಲ್ಲ. ಚುನಾವಣೆಯ ಜೀಪುಗಳು ಅರ್ಧ ಕುಡಿದವು, ಉಳಿದದ್ದು ಬರುವುದೇ ನಿಂತಿದೆಯಂತೆ. ಮುಳಬಾಗಿಲು ಬಂಕಿನಲ್ಲಿ ಲಾರಿಗಳು ಎರಡು ದಿನದಿಂದ ಸಾಲು ನಿಂತಿವೆ, ಡ್ರೈವರುಗಳು ಅಲ್ಲೇ ಮುದ್ದೆ ಬೇಯಿಸಿಕೊಳ್ಳುತ್ತಿದ್ದಾರೆ. ಬೇಡಿ ಬೇಡಿ ಒಂದು ಬಾಟಲಿ ತಂದೆ. ಸೀಮೆಎಣ್ಣೆ ಕಾರ್ಡಿಗೆ ಬರುವುದು ದೀಪಕ್ಕೇ ಸಾಲದು.

ವಕ್ಕಲೇರಿಯಿಂದ ತಮ್ಮ ಸೊಣ್ಣಪ್ಪ ಬಂದಿದ್ದ. ಅವನೆದುರು ಗೋಳು ತೋಡಿಕೊಂಡರೆ, "ಅದಕ್ಯಾಕೆ ಅಳ್ತೀಯಕ್ಕಾ, ಹೊಂಗೆ ಎಣ್ಣೆ ಹಾಕು. ನಮ್ಮ ಪಂಪು ತಿಂಗ್ಳಿಂದ ಅದನ್ನೇ ಕುಡೀತಾ ಇದೆ," ಅಂದ. ಗಾಣದಿಂದ ಎರಡು ಡಬ್ಬ ಕಳಿಸುತ್ತಾನೆ. ಹಾಗೇ ಹಾಕಿದರೆ ಮಂದವಾಗಿ ಕೊಳವೆಯಲ್ಲೇ ನಿಂತುಬಿಡುತ್ತದೆ. ಬೆಚ್ಚಗೆ ಮಾಡಿ, ಹಳೇ ಪಂಚೆಯನ್ನು ಎರಡು ಮಡಿಕೆ ಹಾಕಿ ಸೋಸಬೇಕು. ಮೊದಲು ಡೀಸೆಲ್ಲಿನಲ್ಲಿ ಹತ್ತಿಸಿ, ಇಂಜಿನ್ ಕಾದ ಮೇಲೆ ನಲ್ಲಿ ತಿರುಗಿಸಿ ಹೊಂಗೆಗೆ ಬಿಡಬೇಕು. ಆರಿಸುವ ಮುಂಚೆ ಮತ್ತೆ ಡೀಸೆಲ್. ಇಲ್ಲದಿದ್ದರೆ ಮಾರನೆಯ ದಿನ ಗಂಟಲು ಕಟ್ಟಿ ಕೂರುತ್ತದೆ.

ಫೆಬ್ರವರಿ ೯, ಶನಿವಾರ

ಕಾರು ಮನೆಗೆ ಬಂತು. ಇವರ ಪಂಚೆಯಲ್ಲೇ ಎಣ್ಣೆ ಸೋಸಿದೆ. ಅಂಗಳದಲ್ಲಿ ಇವರನ್ನು ಕುರ್ಚಿ ಹಾಕಿ ಕೂರಿಸಿ, ದೊಡ್ಡಮುನಿಯಪ್ಪ ಹ್ಯಾಂಡಲ್ ತಿರುಗಿಸಿದ. ಹತ್ತಲಿಲ್ಲ. ಅವನು ಲಿವರ್ ಬೇಗ ಬಿಡುತ್ತಿದ್ದ. ಆಚೆ ಸರಿ ಎಂದು ನಾನೇ ತಿರುಗಿಸಿದೆ.

ಡುಬ್. ಡುಬ್. ಡುಬ್ ಡುಬ್ ಡುಬ್.

ಇವರ ಮುಖದಲ್ಲಿ ನಗು ಬರುತ್ತಿದ್ದದ್ದು ಅರ್ಧಕ್ಕೇ ನಿಂತಿತು. ಮೂರನೇ ಡುಬ್ಬಿಗೇ ಎದ್ದು ನಿಂತರು.

"ಇದು ನಮ್ಮ ತೋಟದ ಇಂಜಿನ್ನು."

"ಹೌದು," ಅಂದೆ.

"ಇದು ಇಂಜಿನ್ ಲೆಕ್ಕಕ್ಕೆ ಬರಲ್ಲ. ನಾನು ಹೇಳಿದ್ದು ಕಾರಿನ ಇಂಜಿನ್ನು. ಒಪ್ಪಂದ ಮುರೀತು."

ಮುನಿಯಪ್ಪನಿದ್ದಾನೆ ಎನ್ನುವುದನ್ನೂ ಮರೆತು ನಾನು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. "ಕೋಲಾರದ್ದಕ್ಕೆ ಕೆಮ್ಮು, ಮಾಲೂರಿಂದು ದಪ್ಪ, ಶ್ರೀನಿವಾಸಪುರದ್ದು ನಯ, ಇದು ಲೆಕ್ಕಕ್ಕಿಲ್ಲ. ನಿಮಗೆ ಬೇಕಾಗಿರೋದು ಇಂಜಿನ್ ಅಲ್ಲ, ನೆಪ. ಫೆಬ್ರವರಿ ಕಳೆದು, ಆ ಕಣ್ಣು ಹೋಗಿ, ಎಲ್ಲಾ ದೇವರಿಚ್ಛೆ ಅಂತ ಕೂತ್ಕೊಳ್ಳೋ ಆಸೆ ನಿಮಗೆ. ಆಮೇಲೆ ಕೈ ಹಿಡ್ಕೊಂಡು ನಡೆಸೋಳು ನಾನು."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೋಗುವಾಗ ಬಾಗಿಲಿನ ಬದಲು ಗೋಡೆಯ ಕಡೆ ನಡೆದು, ಕೈಯಲ್ಲಿ ತಡಕಿ ಬಾಗಿಲು ಹುಡುಕಿದರು.  ಇಂಜಿನ್ ಮಾತ್ರ ಅಂಗಳದಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಹೊಂಗೆ ಹೊಗೆಗೆ ಬೀದಿಯ ಸೊಳ್ಳೆಯೆಲ್ಲ ಓಡಿಹೋಯಿತೆಂದು ಪಕ್ಕದ ಮನೆಯ ಭಾರತಮ್ಮ ಹೇಳಿದರು. ಒಬ್ಬರಿಗಾದರೂ ಉಪಕಾರವಾಯಿತಲ್ಲ.

ಫೆಬ್ರವರಿ ೧೦

ಮಾತಿಲ್ಲ. ಈ ಸಲ ಅವರ ಗಮನಕ್ಕೂ ಬಂದಿದೆ.

ಫೆಬ್ರವರಿ ೧೨, ಮಂಗಳವಾರ

ಸಾಯಂಕಾಲ ಅವರೆಕಾಯಿ ಸುಲಿಯುತ್ತಿದ್ದೆ. ಬಂದು ಎದುರು ಕೂತು ತಾವೂ ಸುಲಿಯತೊಡಗಿದರು. ಕಾಳನ್ನು ಸಿಪ್ಪೆಯ ಕಡೆಗೂ, ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದರು. ನಾನು ಆರಿಸಿ ಆರಿಸಿ ಸರಿ ಮಾಡುತ್ತಿದ್ದೆ.

"ನರಸಿಂಹಣ್ಣನ ಕಣ್ಣು ನೆನಪಿದೆಯಾ?" ಅಂದರು. ನರಸಿಂಹಪ್ಪ ಇವರ ಅಣ್ಣ. ಬಹಳ ಹಿಂದೆ ಯಾವುದೋ ಊರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದು, ಕಣ್ಣಲ್ಲಿ ಕೀವಾಗಿ, ಇದ್ದ ಅಷ್ಟಿಷ್ಟು ನೋಟವನ್ನೂ ಕಳೆದುಕೊಂಡವರು.

"ಕಟ್ಟು ಬಿಚ್ಚಿದಾಗ ಅವನ ಪಕ್ಕದಲ್ಲಿದ್ದೋನು ನಾನು. ಯಾಕೋ ರಾಮಾ ದೀಪ ಆರ್ಸಿಬಿಟ್ಯಾ ಅಂತ ಕೇಳ್ದ. ಹನ್ನೆರಡು ಗಂಟೆ ಬಿಸ್ಲು ಅದು." ಇನ್ನೊಂದು ಕಾಯಿ ಸುಲಿದು, "ಈಗ ಮಸುಕು ಮಸುಕಾಗಿ ನೀನಾದ್ರೂ ಕಾಣ್ತೀಯ ಕಣೇ. ಅದೂ ಹೋದ್ರೆ?" ಅಂದರು.

 ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಆ ಕಾಲ ಬೇರೆ, ಈಗ ಬೇರೆ ಎಂದೆ. ನನಗೂ ಭಯವಾಗುತ್ತದೆ ಎನ್ನುವುದನ್ನೂ ಹೇಳಿದೆ. ಅದೊಂದು ಮಾತಿಗೆ ಅವರು ಸ್ವಲ್ಪ ಮೆತ್ತಗಾದರು.

"ಸರಿ. ಡುಬ್ ಡುಬ್ಬೋ ಗಿಬ್ ಗಿಬ್ಬೋ. ಆದ್ರೆ ಓಡಿಸೋದು ನಾನು. ಇಲ್ದೆ ಹೋದ್ರೆ ಬರಲ್ಲ."

ಎಲ್ಲಿ ಓಡಿಸುವುದು? ರಸ್ತೆಯಲ್ಲಿ ಎಮ್ಮೆ, ಬಸ್ಸು, ಶಾಲೆಗೆ ಹೋಗುವ ಮಕ್ಕಳು. ಈ ವರ್ಷ ನಮ್ಮ ಕೆರೆ ತುಂಬಿಲ್ಲ, ಕೆರೆಯ ಅಂಗಳ ಒಣಗಿ ಗಟ್ಟಿಯಾಗಿದೆ, ಜಾಗವೇನೋ ಬೇಕಾದಷ್ಟಿದೆ. ಆದರೆ ಬೆಳಗಾದರೆ ಅಲ್ಲಿ ಊರಿನ ಕುರಿ, ದನ, ಇಟ್ಟಿಗೆ ಮಣ್ಣು ಅಗೆಯುವವರು. ಕಣ್ಣು ಕಾಣದವರ ಕೈಗೆ ಸ್ಟೇರಿಂಗ್ ಕೊಟ್ಟು ಅವರ ಮಧ್ಯೆ ಬಿಡಲಾಗುತ್ತದೆಯೇ? ಇನ್ನು ಉಳಿದಿರುವುದು ಐದು ದಿನ.

ಫೆಬ್ರವರಿ ೧೪

ಶನಿವಾರ ಮಧ್ಯಾಹ್ನ ದೊಡ್ಡ ಸೂರ್ಯಗ್ರಹಣ. ರೇಡಿಯೋದಲ್ಲಿ ಬೆಳಗಿನಿಂದ ಅದೇ ಸುದ್ದಿ, ಬರಿಗಣ್ಣಲ್ಲಿ ನೋಡಬೇಡಿ ಎಂದು. ಅವತ್ತು ಯಾರೂ ಬಾಗಿಲು ದಾಟಬಾರದು, ದನಗಳನ್ನೂ ಹೊರಗೆ ಬಿಡಬಾರದು ಎಂದು ಭಾರತಮ್ಮ ಮನೆಮನೆಗೆ ಹೋಗಿ ಹೇಳುತ್ತಿದ್ದಾರೆ. ಕಣ್ಣಿನ ತೊಂದರೆಯಿರುವವರಂತೂ ಕಿಟಕಿಯ ಹತ್ತಿರವೂ ಹೋಗಬಾರದಂತೆ. ಆಗಲಿ ಎಂದು ತಲೆಯಾಡಿಸಿ, ಅವರಿಂದಲೇ ಒಂದು ಹಿಡಿ ದರ್ಭೆ ಈಸಿಕೊಂಡೆ. ನೀರಿಗೆ, ಉಪ್ಪಿನಕಾಯಿಗೆ ಹಾಕಬೇಕಲ್ಲ.

ಬಾಗಿಲು ಹಾಕಿಕೊಂಡು ಒಳಗೆ ಬಂದ ಮೇಲೆ ಅವರ ಮಾತು ಮತ್ತೆ ನೆನಪಾಯಿತು. ಯಾರೂ ಬಾಗಿಲು ದಾಟುವುದಿಲ್ಲ. ದನವೂ ಇರುವುದಿಲ್ಲ.

ಫೆಬ್ರವರಿ ೧೬, ಶನಿವಾರ

ದೇವರು ಕ್ಷಮಿಸಲಿ. ನಲವತ್ತೆಂಟು ವರ್ಷದಲ್ಲಿ ಒಂದು ಗ್ರಹಣಕ್ಕೂ ಹೊಸಿಲು ದಾಟಿದವಳಲ್ಲ.

ಹನ್ನೆರಡಕ್ಕೇ ಊಟ ಮುಗಿಸಿ ಪಾತ್ರೆ ತೊಳೆದೆ. ಎಲ್ಲದಕ್ಕೂ ದರ್ಭೆ ಹಾಕಿದೆ. ಒಂದು ಎಸಳು ಎಣ್ಣೆ ಡಬ್ಬಕ್ಕೂ ಹಾಕಿದೆ, ಯಾಕೆ ಬಿಡಬೇಕು ಎಂದು. ಎರಡೂವರೆ ಹೊತ್ತಿಗೆ ಊರಿನ ಬಾಗಿಲೆಲ್ಲ ಮುಚ್ಚಿತು. ಒಂದು ನಾಯಿಯೂ ಬೀದಿಯಲ್ಲಿಲ್ಲ. ಬೆಳಿಗ್ಗೆಯೇ ಮುನಿಯಪ್ಪನಿಂದ ಕಾರನ್ನು ಕೆರೆಯ ಅಂಗಳಕ್ಕೆ ಎಳೆಸಿ ಬಿಟ್ಟಿದ್ದೆ. ಗ್ರಹಣ ಹಿಡಿಯುವ ಮೊದಲೇ ಅವನು ನಂಗಲಿಗೆ ಓಡಿದ್ದ. ನಾವಿಬ್ಬರೂ ಹಿತ್ತಿಲಿನಿಂದ ನಡೆದು ಹೋದೆವು. ತಲೆಯೆತ್ತಬೇಡಿ ಎಂದು ಹೇಳಿದೆ.

"ಎತ್ತಿದ್ರೂ ನನಗೇನು ಕಾಣ್ತದೆ? ಇವತ್ತು ಊರಿಗೆಲ್ಲ ಹೆದ್ರಿಕೆ, ನನಗೊಬ್ಬನಿಗೇ ಇಲ್ಲ," ಅಂದರು. ಬಹಳ ದಿನದ ಮೇಲೆ ಅವರ ತಮಾಷೆ ಕೇಳಿದ್ದು.

ಇಂಜಿನ್ನಿನ ನೀರಿನ ತೊಟ್ಟಿ ತುಂಬಿಸಿದೆ, ಹ್ಯಾಂಡಲ್ ಹೊಡೆದೆ, ಕಾದ ಮೇಲೆ ನಲ್ಲಿ ಹೊಂಗೆಗೆ ತಿರುಗಿಸಿದೆ. ಅವರು ಸ್ಟೇರಿಂಗನ್ನು ಒಂದು ಸುತ್ತು ಕೈಯಿಂದ ಸವರಿದರು. ಆಮೇಲೆ ಗೇರು ಹಾಕಿದರು. ಎಷ್ಟು ನಯವಾಗಿ ಹಾಕಿದರೆಂದರೆ, ಆ ಎಲುಬು ಕುಲುಕುವ ಗಾಡಿ ಒಂದು ಸಲವೂ ಎಗರದೆ ಹೊರಟಿತು.

ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂದು ನಾನು ಶುರು ಮಾಡಿದೆ.

"ಸುಮ್ಕಿರೇ. ಎದುರ್ಗೆ ಏನಾದ್ರೂ ಇದ್ರೆ ಮಾತ್ರ ಹೇಳು."

"ಏನೂ ಇಲ್ಲ," ಅಂದೆ.

"ಈಗ?"

"ಏನೂ ಇಲ್ಲ, ಹೋಗಿ."

ಅಷ್ಟು ದೊಡ್ಡ ಕೆರೆಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಬಿಸಿಲು ಬರಬರುತ್ತಾ ಹಳದಿಯಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಕೊಕ್ಕರೆಗಳು ಮೂರೂವರೆಗೇ ಮರಕ್ಕೆ ಹಿಂದಿರುಗುತ್ತಿದ್ದವು. ಇವರು ಏರಿಯ ಬುಡದವರೆಗೆ ಹೋಗಿ, ನಾನು ತಿರುಗಿಸಿ ಎಂದಾಗ ತಿರುಗಿಸಿ, ಮತ್ತೆ ಈಚೆ ಬಂದರು. ಎರಡನೇ ಸುತ್ತಿಗೆ ನಾನು ಹೇಳುವ ಮೊದಲೇ ತಿರುಗಿಸಿದರು. ಮೂರನೆಯದಕ್ಕೆ ಒಂದು ಕೈ ಬಾಗಿಲ ಮೇಲಿಟ್ಟುಕೊಂಡರು, ದೊರೆ ಹಾಗೇ ಇಡುತ್ತಿದ್ದನಂತೆ. ಗಾಳಿಗೆ ನನ್ನ ಸೆರಗು ಹಾರಿತು. ಸೈಕಲ್ಲಿನಷ್ಟು ಜೋರಿಗೂ ಸೆರಗು ಹಾರುತ್ತದೆ.

"ಎಷ್ಟು ಸ್ಪೀಡಿದೆ?" ಎಂದು ಕೇಳಿದರು. ಮೀಟರಿನ ಮುಳ್ಳು ಯಾವತ್ತೋ ಮುರಿದುಹೋಗಿದೆ.

"ಅರವತ್ತು," ಅಂದೆ.

ನಕ್ಕರು. ಡ್ರೈವರಿಗೆ ಗೊತ್ತಾಗುವುದಿಲ್ಲವೇ? ಆದರೂ ಸುಳ್ಳೆನ್ನಲಿಲ್ಲ. ನಗುತ್ತಾ ನಗುತ್ತಾ ಅವರ ಕೆನ್ನೆ ಒದ್ದೆಯಾಗಿತ್ತು. ನನಗೂ ಅಳು ಬಂತು. ಅವರಿಗೆ ಕಾಣುವುದಿಲ್ಲವಲ್ಲ ಎಂದು ಒರೆಸಿಕೊಳ್ಳದೆ ಹಾಗೇ ಬಿಟ್ಟೆ.

ಆರನೇ ಸುತ್ತಿಗೆ ನಿಲ್ಲಿಸಿದರು. "ಸಾಕು," ಅಂದರು. ಗ್ರಹಣ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಊರಿನವರು ಹೊರಗೆ ಬರುವ ಮುಂಚೆ ಮನೆ ಸೇರಬೇಕಿತ್ತು, ತೂಬಿನ ಹತ್ತಿರ ದಾರಿ ಬಹಳ ಕಿರಿದು. ಅಲ್ಲಿಂದ ಸ್ಟೇರಿಂಗ್ ನಾನು ಹಿಡಿದುಕೊಂಡೆ. 'ಓಡಿಸಿದೆ' ಅಂತ ಹೇಳಲಾರೆ, ಹಿಡಿದುಕೊಂಡಿದ್ದೆ ಅಷ್ಟೇ. ಕಾರು ತಾನಾಗಿಯೇ ಮನೆಗೆ ಬಂತು.

ಇಬ್ಬರೂ ತಲೆಗೆ ಸ್ನಾನ ಮಾಡಿದೆವು. ಸೊಳ್ಳೆ ಮತ್ತೆ ಮಾಯವಾಗಿವೆಯಲ್ಲ, ಗ್ರಹಣದ ಮಹಿಮೆ ನೋಡು ಎಂದರು ಭಾರತಮ್ಮ.

ಫೆಬ್ರವರಿ ೧೮, ಸೋಮವಾರ

ಅಡ್ಮಿಟ್ ಆಯಿತು. ಹಾಸಿಗೆ ಕಿಟಕಿಯ ಪಕ್ಕ. ಮಾತು ತಪ್ಪಲಿಲ್ಲ.

ಫೆಬ್ರವರಿ ೨೦

ಬೆಳಿಗ್ಗೆ ಆಪರೇಷನ್. ಎರಡೂ ಕಣ್ಣಿಗೆ ಕಟ್ಟು. ತಲೆಯ ಎರಡೂ ಕಡೆ ಮರಳಿನ ಚೀಲವಿಟ್ಟಿದ್ದಾರೆ, ಅಲುಗಾಡಬಾರದು, ಕೆಮ್ಮಬಾರದು. ಗಂಜಿ ಕುಡಿಸಿದೆ. ನನ್ನ ಕೈ ಬಿಡಲಿಲ್ಲ.

ಫೆಬ್ರವರಿ ೨೩

ಏನೂ ಬರೆಯಲು ತೋಚುತ್ತಿಲ್ಲ. ನರಸಿಂಹಣ್ಣ ಕೇಳಿದ ಮಾತೇ ಕಿವಿಯಲ್ಲಿದೆ.

ಫೆಬ್ರವರಿ ೨೭, ಬುಧವಾರ

ಕಟ್ಟು ಬಿಚ್ಚಿದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಇವರು ರೆಪ್ಪೆ ಬಡಿದು ಬಡಿದು, "ಕಿಟಕಿ ಯಾರು ತೆಗೆದಿದ್ದು? ಬೆಳಕು ಚುಚ್ತದೆ," ಎಂದು ಬೈದರು. ಆ ಬೈಗುಳ ಕೇಳಿ ನಾನು ನೆಲದ ಮೇಲೇ ಕೂತುಬಿಟ್ಟೆ. ಕಣ್ಣು ಚೆನ್ನಾಗಿದೆ, ಆರು ವಾರದ ಮೇಲೆ ಕನ್ನಡಕ ಎಂದರು ಡಾಕ್ಟರು.

ಮಾರ್ಚ್ ೧೯

ರಾಗಿ ಮಿಲ್ಲಿಗೆ ಹೋಗಿ ಬಂದೆ. ಎರಡು ಮೂಟೆಯನ್ನು ಯಾರು ಹೊರುತ್ತಾರೆ, ಕಾರಿನಲ್ಲೇ ಹಾಕಿಕೊಂಡು ಹೋದೆ. ಹಿಟ್ಟು ಚೆನ್ನಾಗಿ ಬಂದಿದೆ. ಬೆಲ್ಟು ಸ್ವಲ್ಪ ಸಡಿಲವಾಗಿದೆ, ನಾಳೆ ಬಿಗಿ ಮಾಡಬೇಕು.

ಏಪ್ರಿಲ್ ೧೪, ಸೋಮವಾರ

ಕನ್ನಡಕ ಬಂತು. ಸೋಡಾಬುಡ್ಡಿ. ಅದರ ಹಿಂದೆ ಇವರ ಕಣ್ಣು ನಿಂಬೆಹಣ್ಣಿನಷ್ಟು ದಪ್ಪ ಕಾಣುತ್ತದೆ. ಆಸ್ಪತ್ರೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಕಂಡ ಬೋರ್ಡನ್ನೆಲ್ಲ ಜೋರಾಗಿ ಓದಿದರು. ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಜ್ಯೋತಿಷ್ಯ, ಯಾವುದನ್ನೂ ಬಿಡಲಿಲ್ಲ. ಜನ ತಿರುಗಿ ನೋಡುತ್ತಿದ್ದರು. ನೋಡಲಿ.

ಮನೆಗೆ ಬಂದು ಕಾರಿನ ಮುಂದೆ ನಿಂತರು. ಹೊರಗೆ ಚಾಚಿದ ಚಕ್ರ, ಮೇಲೆ ಎದ್ದ ಹೊಗೆ ಕೊಳವೆ, ಎಣ್ಣೆಯ ಜಿಡ್ಡು, ಸೀಟಿನ ಮೇಲೆ ಚೆಲ್ಲಿದ ರಾಗಿ ಹಿಟ್ಟು, ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿದರು. "ದೊರೆ ನೋಡಿದ್ರೆ ಅಲ್ಲೇ ಸತ್ತು ಬೀಳ್ತಿದ್ದ," ಅಂದರು. ಆಮೇಲೆ ಹಾಗೇ ಬಗ್ಗಿದ್ದವರು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಏನು ಎಂದೆ. ಏನಿಲ್ಲ ಎಂದರು.

ಸಾಯಂಕಾಲ ಜಗುಲಿಯಲ್ಲಿ ಕೂತಾಗ ನಾನೇ ಮಾತೆತ್ತಿದೆ. ಮಾವಿನ ಕಾಲ ಮುಗಿದ ಮೇಲೆ ಎಡಗಣ್ಣಿಗೂ ಆಪರೇಷನ್ ಎಂದು ಡಾಕ್ಟರು ಹೇಳಿದ್ದಾರಲ್ಲ.

"ಅದಕ್ಕೂ ಒಂದು ಷರತ್ತಿದೆ," ಅಂದರು. ಮತ್ತೊಂದು ನೆಪ ಬಂತು ಅಂದುಕೊಂಡೆ. "ಈ ಡುಬ್ ಡುಬ್ ತೆಗೆದು, ಒಳ್ಳೇ ಪೆಟ್ರೋಲ್ ಇಂಜಿನ್ ಹಾಕ್ಸೋಣ. ನೀನು ಓಡ್ಸು."

"ನಾನಾ? ಮತ್ತೆ ನೀವು?"

"ನಾನು ಪಕ್ಕದಲ್ಲಿ ಕೂತ್ಕೊಂಡು ನೋಡ್ತೀನಿ." ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಮೂವತ್ತು ವರ್ಷ ಈ ಜಿಲ್ಲೆಯೆಲ್ಲ ಓಡ್ಸಿದೀನಿ ಕಣೇ. ರಸ್ತೆ ಬಿಟ್ರೆ ಬೇರೆ ಏನೂ ನೋಡಿಲ್ಲ."

ನಾನು ಎದ್ದು ಒಳಗೆ ಹೋಗಿ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದೆ.

ಬಂದು ನನ್ನದೂ ಒಂದು ಷರತ್ತು ಹೇಳಿದೆ. ಯಾವ ಇಂಜಿನ್ ಎಂದು ಗೊತ್ತುಮಾಡುವವಳು ನಾನು, ನೀವು ಬಾಯಿಬಿಡಬಾರದು ಎಂದು. ಒಪ್ಪಿದರು. ಬಂಗಾರಪೇಟೆಯಲ್ಲಿ ಒಂದಿದೆ, ಬಹಳ ಚೆನ್ನಾಗಿದೆ ಎಂದು ಮುನಿಯಪ್ಪ ಹೇಳಿ ಕಳಿಸಿದ್ದಾನೆ. ಯಾರು ಏನೇ ಹೇಳಲಿ, ನಿಂತು ಸದ್ದು ಕೇಳದೆ ನಾನಂತೂ ಒಪ್ಪುವವಳಲ್ಲ.